ಜೀರ್ಣೋದ್ಧಾರದ ಲೆಕ್ಕ: ಆದೋನಿ–ಬಳ್ಳಾರಿ ಸೀಮೆಯ ಹಳೆಯ ಚರ್ಚುಗಳು

ಆದೋನಿಯ ಬೆಟ್ಟದ ಮೇಲೆ ಕೋಟೆಯಿದೆ. ಕೆಳಗೆ ಊರಿನೊಳಗೆ ಜಾಮಿಯಾ ಮಸೀದಿಯಿದೆ. ಕೋಟೆ ವಿಜಯನಗರದ ಅರಸರ ಕಾಲದಲ್ಲೇ ಹೆಸರಾಗಿತ್ತು. 1565ರ ರಕ್ಕಸಗಿ–ತಂಗಡಗಿ ಯುದ್ಧವಾದ ಮೂರು ವರ್ಷಕ್ಕೆ ಅದು ಬಿಜಾಪುರದ ಆದಿಲ್‌ಶಾಹಿಗಳ ವಶವಾಯಿತು. ಆಮೇಲೆ ಮೊಗಲರು ಬಂದರು, ಹೈದರಾಬಾದಿನ ನಿಜಾಮನಾದ ನಿಜಾಮ್ ಅಲಿಯ ಸಹೋದರ ಬಸಾಲತ್ ಜಂಗ್ ಇಲ್ಲಿಂದಲೇ ಜಹಗೀರು ಆಳಿದ, 1786ರಲ್ಲಿ ಟಿಪ್ಪು ಸುಲ್ತಾನ ಮುತ್ತಿಗೆ ಹಾಕಿ ಗೆದ್ದು ಕೋಟೆಯ ಗೋಡೆಗಳನ್ನು ಕೆಡವಿಸಿದ. ಮಸೀದಿಯನ್ನು ಕಟ್ಟಿಸಿದವನು 17ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಬಿಜಾಪುರದ ಪರವಾಗಿ ಆಳಿದ ಸಿದ್ದಿ ಮಸೂದ್ ಖಾನ್. ಮಂತ್ರಾಲಯದ ಮಂಚಾಲೆ ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟ ನವಾಬನೆಂದು ಮಠದ ಪರಂಪರೆ ನೆನೆಯುವುದೂ ಇವನನ್ನೇ. ಇಂದು ಕೋಟೆಯ ಮೇಲೆ ಮುರಿದ ಗೋಡೆ, ಮುಳ್ಳುಕಂಟಿ. ಮಸೀದಿಯಲ್ಲಿ ಈಗಲೂ ನಮಾಜು ನಡೆಯುತ್ತದೆ, ಕಮಾನುಗಳು ನಿಂತಿವೆ. ಕೋಟೆಯನ್ನು ಯುದ್ಧ ಕೆಡವಿತು, ಮಸೀದಿಯನ್ನು ಯಾರೂ ಮುಟ್ಟಲಿಲ್ಲ, ಹಾಗಾಗಿ ಈ ಹೋಲಿಕೆ ಸರಿಯಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಯುದ್ಧದಲ್ಲಿ ಬಿದ್ದ ಗೋಡೆಯನ್ನು ಆ ಕಾಲದವರು ಎಷ್ಟೋ ಕಡೆ ಮತ್ತೆ ಎತ್ತಿ ಕಟ್ಟಿದ್ದಾರೆ. ಆದೋನಿಯಲ್ಲಿ ಕಟ್ಟಲಿಲ್ಲ, ಏಕೆಂದರೆ 1800ರಲ್ಲಿ ಈ ಸೀಮೆ ನಿಜಾಮನ ಕೈಯಿಂದ ಕಂಪನಿಯ ಕೈಗೆ ಹೋದ ಮೇಲೆ ಆ ಕೋಟೆಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಮಸೀದಿಗೂ ಬಿರುಕು ಬಿಟ್ಟಿರುತ್ತದೆ, ಮಳೆಗಾಲದಲ್ಲಿ ಅದೂ ಸೋರಿರುತ್ತದೆ. ಶುಕ್ರವಾರ ಬಂದು ಕೂರುವವರಿದ್ದದ್ದರಿಂದ ಬಿರುಕನ್ನು ನೋಡುವ ಕಣ್ಣು, ಮುಚ್ಚುವ ಕೈ ಅಲ್ಲೇ ಇದ್ದವು.

ಈ ಲೇಖನದ ವಾದ ಇಷ್ಟೇ: ಹಳೆಯ ಆರಾಧನಾ ಕಟ್ಟಡ ಉಳಿಯಬೇಕಾದರೆ ಅದು ದಿನದ ಬಳಕೆಯಲ್ಲಿರಬೇಕು, ದುರಸ್ತಿಯ ಖರ್ಚು ಆ ಬಳಕೆಯ ಲೆಕ್ಕದಲ್ಲೇ ಸೇರಿರಬೇಕು. ಈ ಮಾತು ಗುಡಿಗೂ ಮಸೀದಿಗೂ ಬಸದಿಗೂ ಸಲ್ಲುತ್ತದೆ. ಇಲ್ಲಿ ಮುಖ್ಯವಾಗಿ ಚರ್ಚುಗಳನ್ನು ಕುರಿತು ಹೇಳುತ್ತಿದ್ದೇನೆ, ಏಕೆಂದರೆ ಈ ಸೀಮೆಯ ಹಳೆಯ ಚರ್ಚುಗಳ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಡಿಮೆ. ಆದೋನಿ, ಆಲೂರು, ಕೌತಾಳಂ, ಹೊಳಗುಂದಿ, ಕೋಸಿಗಿ, ಉರುಕುಂದ ಈ ಊರುಗಳೆಲ್ಲ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಂದಿಗೆ ಬೆಳೆದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿಯಿಂದ ಆಚೆ ಹೋದ ಊರುಗಳಲ್ಲಿ ಕನ್ನಡ ಮನೆಮಾತಾಗಿ ಉಳಿಯಿತು, ಶ್ರಾವಣದಲ್ಲಿ ಉರುಕುಂದ ಈರಣ್ಣನ ದರ್ಶನಕ್ಕೆ ರಾಯಚೂರು, ಬಳ್ಳಾರಿಯ ಜನ ಹೋಗುವುದೂ ಉಳಿಯಿತು. ಕ್ರೈಸ್ತ ಸಭೆಗಳ ಆಡಳಿತದ ಗೆರೆಗಳು ಮಾತ್ರ ಹೊಸದಾಗಿ ಬಿದ್ದವು. ಕ್ಯಾಥೊಲಿಕರಲ್ಲಿ 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ, 1967ರಲ್ಲಿ ಕರ್ನೂಲು ಧರ್ಮಪ್ರಾಂತ್ಯ ಸ್ಥಾಪನೆಯಾದವು. ಒಂದೇ ಜಿಲ್ಲೆಯ ಚರಿತ್ರೆ ಎರಡು ರಾಜ್ಯಗಳ ಕಡತಗಳಲ್ಲಿ ಹಂಚಿಹೋಗಿರುವುದರಿಂದ ಇಲ್ಲಿನ ಹಳೆಯ ಚರ್ಚುಗಳನ್ನು ತಮ್ಮವೆಂದು ಬರೆಯುವವರು ಎರಡೂ ಕಡೆ ಕಡಿಮೆಯಾದರು.

ಪ್ರಾರ್ಥನೆ, ಸಮುದಾಯದ ಕೆಲಸ, ಕಟ್ಟಡದ ದುರಸ್ತಿ ಈ ಮೂರನ್ನೂ ಒಂದೇ ಗಂಟಾಗಿ ಕಟ್ಟುವುದು ಕನ್ನಡ ನಾಡಿಗೆ ಹೊಸ ಆಲೋಚನೆಯಲ್ಲ. ರಾಷ್ಟ್ರಕೂಟ, ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದುವವರಿಗೆ ಒಂದು ಪದ್ಧತಿ ಮತ್ತೆ ಮತ್ತೆ ಎದುರಾಗುತ್ತದೆ. ಗುಡಿಗೋ ಬಸದಿಗೋ ಭೂಮಿ ಬಿಟ್ಟಾಗ ದಾನಿ ಅದರ ಆದಾಯ ಎಲ್ಲೆಲ್ಲಿಗೆ ಹೋಗಬೇಕೆಂದು ಬರೆಸುತ್ತಾನೆ: ದೇವರ ಪೂಜೆಗೆ ಇಷ್ಟು, ತಪಸ್ವಿಗಳ ಊಟಕ್ಕೆ ಇಷ್ಟು, ವಿದ್ಯಾದಾನಕ್ಕೆ ಇಷ್ಟು, ಮುರಿದದ್ದು ಒಡೆದದ್ದನ್ನು ಸರಿಪಡಿಸುವ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು. ಕಟ್ಟಡ ಹೊಸದಾಗಿದ್ದಾಗಲೇ ಅದು ಮುಂದೊಂದು ದಿನ ಬಿರುಕು ಬಿಡುತ್ತದೆಂದು ತಿಳಿದು ಹಣ ಎತ್ತಿಡುವ ವಿವೇಕ ಇದು. ಕಲಬುರಗಿ ಸೀಮೆಯ ನಾಗಾವಿಯ 1058ರ ಶಾಸನದಲ್ಲಿ ಗುಡಿಯ ಆಸರೆಯಲ್ಲಿದ್ದ ಘಟಿಕಾಸ್ಥಾನಕ್ಕೆ ವಿದ್ಯಾರ್ಥಿಗಳು, ಉಪಾಧ್ಯಾಯರು, ಪುಸ್ತಕ ಭಂಡಾರ ನೋಡಿಕೊಳ್ಳುವವರು ಎಲ್ಲರಿಗೂ ಭೂಮಿಯ ಏರ್ಪಾಡಿದೆ. ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುವ ಬಗೆ ನೋಡಿದರೆ ಅದು ಪೂಜೆಯ ಸ್ಥಳವೂ ಹೌದು, ಪಾಠಶಾಲೆಯೂ ಹೌದು, ಕುಂಟರು ಕುರುಡರು ದಿಕ್ಕಿಲ್ಲದವರಿಗೆ ಅನ್ನ ಸಿಗುವ, ರೋಗಿಗಳಿಗೆ ಔಷಧ ಸಿಗುವ ಮನೆಯೂ ಹೌದು. ಪೂಜೆಯ ಮನೆಯಲ್ಲಿ ಸಮಾಜದ ಕೆಲಸ ನಡೆದರೆ ಪಾವಿತ್ರ್ಯ ಕೆಡುತ್ತದೆ ಎಂದು ಹೇಳುವವರು ಈ ಶಾಸನಗಳಿಗೆ ಉತ್ತರ ಕೊಡಬೇಕಾಗುತ್ತದೆ. ಉರುಕುಂದದಲ್ಲಿ ಇಂದಿಗೂ ಹರಕೆ ತೀರಿಸುವುದು, ಅಡುಗೆ ಮಾಡಿ ಎಡೆ ಹಿಡಿಯುವುದು, ಬಂಧುಬಳಗ ಒಟ್ಟಿಗೆ ಕೂತು ಉಣ್ಣುವುದು ಇವೆಲ್ಲ ದರ್ಶನದ ಭಾಗವಾಗಿಯೇ ನಡೆಯುತ್ತವೆ.

ಚರ್ಚು ಈ ಸೀಮೆಗೆ ಬಂದಾಗ ಇದೇ ರೂಢಿಗೆ ಹೊಂದಿಕೊಂಡಿತು. ಮೊದಲು ಬಂದದ್ದು ಬ್ರಿಟಿಷರ ಜೊತೆಗಲ್ಲ. ಆದೋನಿಯ ವಾಯುವ್ಯಕ್ಕೆ, ತುಂಗಭದ್ರೆಯ ಆಚೆ, ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲಕ್ಕೇ ಗೋವಾದ ಪಾದ್ರಿಗಳಿಂದ ಒಂದು ಕ್ಯಾಥೊಲಿಕ್ ಸಮುದಾಯ ಬೆಳೆದಿತ್ತು, ಬಿಜಾಪುರದ ಸುಲ್ತಾನರು ಅದಕ್ಕೆ ದತ್ತಿ ಕೊಟ್ಟಿದ್ದರು. 19ನೇ ಶತಮಾನದಲ್ಲಿ ಆ ಭಾಗದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಅಲ್ಲಿನ ಕ್ರೈಸ್ತರನ್ನೂ ಅವರ ಕನ್ನಡ ಧರ್ಮೋಪದೇಶಗಳನ್ನೂ ನೆನೆದಿದ್ದಾನೆ. ಮೊಹರಮ್ಮಿಗೆ ಎಲ್ಲ ಜಾತಿಯವರೂ ಸೇರುವ ಊರು ಅದು. ಅಂಥ ಊರಿನಲ್ಲಿ ಚರ್ಚು ಹೊರಗಿನ ವಸ್ತುವಾಗಿ ಉಳಿಯುವುದು ಕಷ್ಟ. ಪ್ರಾಟೆಸ್ಟೆಂಟರ ಕಡೆ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಅವನು ಕೈಗೆತ್ತಿಕೊಂಡ ಕನ್ನಡ ಬೈಬಲು 1831ರ ಹೊತ್ತಿಗೆ ಪೂರ್ತಿಯಾಯಿತು. ಅದೇ ಮಿಷನ್ನಿನ ವಿಲಿಯಂ ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. 1846ರಲ್ಲಿ ಶುರುವಾದ ಮಿಷನ್ ಶಾಲೆ ವಾರ್ಡ್‌ಲಾ ಶಾಲೆಯಾಗಿ ಬೆಳೆದು ಬಳ್ಳಾರಿಯ ಎಷ್ಟೋ ತಲೆಮಾರಿಗೆ ಓದು ಕಲಿಸಿತು. ಮುದ್ರಣ, ಶಾಲೆ, ಪ್ರಾರ್ಥನೆ ಮೂರೂ ಒಂದೇ ಆವರಣದ ಕೆಲಸಗಳಾಗಿದ್ದವು.

ಹಳ್ಳಿಗಳಲ್ಲಿ ಇದು ಇನ್ನೂ ನಿಚ್ಚಳ. ದಕ್ಷಿಣದ ಮಿಷನ್ನುಗಳು ಹಳ್ಳಿಯ ಹೊರಗಿನ ಕೇರಿಗಳಲ್ಲಿ ಕಟ್ಟಿದ್ದು ಬಹುಮಟ್ಟಿಗೆ ಒಂದೇ ಕೋಣೆಯ ಮನೆ. ವಾರವೆಲ್ಲ ಅದು ಶಾಲೆ, ಭಾನುವಾರ ಪ್ರಾರ್ಥನಾ ಮಂದಿರ, ರಾತ್ರಿ ದೊಡ್ಡವರಿಗೆ ಅಕ್ಷರ ಕಲಿಸುವ ಜಾಗ, ಉಪದೇಶಿಯೇ ಮೇಷ್ಟ್ರು. 1854ರ ಶಿಕ್ಷಣ ನೀತಿಯ ನಂತರ ಇಂಥ ಶಾಲೆಗಳಿಗೆ ಸರ್ಕಾರದ ಅನುದಾನವೂ ಸಿಗತೊಡಗಿತು. 1876ರಿಂದ 78ರವರೆಗಿನ ಬರ ಬಳ್ಳಾರಿ ಜಿಲ್ಲೆಯನ್ನು ಹಾಳುಗೆಡವಿದಾಗ ಮಿಷನ್ ಆವರಣಗಳು ಗಂಜಿಯ ಜಾಗಗಳಾದವು, ಅನಾಥ ಮಕ್ಕಳ ಮನೆಗಳಾದವು. ತೆಲುಗು ಜಿಲ್ಲೆಗಳಲ್ಲಿ ಮಾದಿಗರೂ ಮಾಲರೂ ದೊಡ್ಡ ಸಂಖ್ಯೆಯಲ್ಲಿ ಚರ್ಚಿಗೆ ಸೇರಿದ್ದು ಈ ವರ್ಷಗಳಲ್ಲೇ. ಬೇರೆ ಆರಾಧನಾ ಸ್ಥಳಗಳ ಹೊಸ್ತಿಲು ದಾಟಲು ಬಿಡದ ಸಮಾಜದಲ್ಲಿ, ಒಳಗೆ ಹೋಗಿ ಚಾಪೆಯ ಮೇಲೆ ಕೂತು ಹಾಡಬಹುದಾದ ಒಂದು ಚಾವಣಿ ಆ ಜನಕ್ಕೆ ಸಿಕ್ಕಿತು. ಹೀಗಿರುವಾಗ, ಚರ್ಚನ್ನು ಇಂದು ವಾರದ ದಿನಗಳಲ್ಲಿ ಮಕ್ಕಳ ಓದಿಗೆ, ಮಹಿಳಾ ಸಂಘದ ಸಭೆಗೆ, ಆರೋಗ್ಯ ತಪಾಸಣೆಗೆ ತೆರೆದಿಡೋಣ ಎಂದರೆ ಅದನ್ನು ಹೊಸ ಕಾಲದ ರಾಜಿ ಎಂದು ಕರೆಯುವುದು ತಪ್ಪು. ಅದು ಆ ಕಟ್ಟಡ ಹುಟ್ಟಿದಾಗಿನ ಕೆಲಸ. ಭಾನುವಾರ ಎರಡು ಗಂಟೆ ಮಾತ್ರ ಬೀಗ ತೆಗೆಯುವ ಪದ್ಧತಿಯೇ ನಡುವೆ ಬಂದದ್ದು.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಈ ಚರ್ಚುಗಳು ಆಳಿದವರ ನೆನಪು, ಇವನ್ನು ಉಳಿಸಲು ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದು. ದಂಡು ಪ್ರದೇಶದ ಚರ್ಚುಗಳ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಬೆಂಗಳೂರಿನ ಸಂತ ಮಾರ್ಕರ ಚರ್ಚು ಮದರಾಸು ಸೈನ್ಯದ ದಂಡಿಗಾಗಿ ಎದ್ದದ್ದು. ಬಳ್ಳಾರಿಯ ದಂಡಿನ ಚರ್ಚೂ ಸೈನಿಕರಿಗೆ ಕಟ್ಟಿದ್ದೇ. ಆದರೆ ಕಟ್ಟಿದ ಕೈ ಯಾರದು ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಮೇದಕ್‌ನ ದೊಡ್ಡ ಚರ್ಚನ್ನು ನೋಡಿ: ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ ಬರಗಾಲದಲ್ಲಿ ಕೂಲಿಗೆ ಕಾಳು ಎಂಬಂತೆ ಸುತ್ತಲಿನ ಬಡವರಿಗೆ ಕೆಲಸ ಕೊಟ್ಟು ಹತ್ತು ವರ್ಷ ಕಟ್ಟಿಸಿದ, 1924ರ ಕ್ರಿಸ್ಮಸ್ ದಿನ ಅದು ಆರಾಧನೆಗೆ ತೆರೆಯಿತು. ದೋರ್ಣಕಲ್‌ನಲ್ಲಿ ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ವೇದನಾಯಗಂ ಸಾಮ್ಯುಯೆಲ್ ಅಜರಯ್ಯ 1939ರಲ್ಲಿ ಪ್ರತಿಷ್ಠೆ ಮಾಡಿಸಿದ ಚರ್ಚಿನಲ್ಲಿ ಗುಡಿಯ ಕಂಬವೂ ಮಸೀದಿಯ ಗುಮ್ಮಟವೂ ಸೇರಿಕೊಂಡಿವೆ. ಈ ನೆಲದ ಆರಾಧನೆಗೆ ಈ ನೆಲದ ಕಟ್ಟಡವೇ ಬೇಕೆಂಬ ಹಟ ಅವರದು. ಆಳಿದವರು 1947ರಲ್ಲಿ ಹೋದರು. ಅದೇ ವರ್ಷದ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಂದಿನಿಂದ ಈ ಗೋಡೆಗಳಿಗೆ ಸುಣ್ಣ ಹಚ್ಚಿದವರು, ಮುರಿದ ಕಿಟಕಿ ಕೂಡಿಸಿದವರು ಇಲ್ಲಿನ ಕೂಲಿಗಳು, ಮೇಷ್ಟ್ರುಗಳು, ನರ್ಸುಗಳು. ನೂರೈವತ್ತು ವರ್ಷದ ಕಟ್ಟಡದಲ್ಲಿ ಅರ್ಧದಷ್ಟು ಆಯುಷ್ಯವನ್ನು ಈ ಜನ ಕೊಟ್ಟಿದ್ದಾರೆ. ಅದನ್ನು ಪರದೇಶಿ ಎಂದು ಕರೆದರೆ ಅವರ ದುಡಿಮೆಗೆ ಅನ್ಯಾಯ.

ದುರಸ್ತಿ ಹೇಗೆ ಮಾಡಬೇಕು ಎಂಬುದಕ್ಕೆ ಈ ನೆಲದ ಗುಣ ತಿಳಿದಿರಬೇಕು. ಆದೋನಿ ಹತ್ತಿಯ ಪೇಟೆಯಾದದ್ದು ಎರೆ ಭೂಮಿಯಿಂದ. ಹತ್ತಿಗೆ ಒಳ್ಳೆಯದಾದ ಈ ಕಪ್ಪು ಮಣ್ಣು ಕಟ್ಟಡಕ್ಕೆ ಶತ್ರು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಸಿಕ್ಕಿಬೀಳುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಬುನಾದಿ ಕೆಳಗಿನ ಗರಸಿನವರೆಗೆ ಇಳಿಯದಿದ್ದರೆ ಗೋಡೆ ಪ್ರತಿ ವರ್ಷ ಕೂದಲೆಳೆಯಷ್ಟು ಏರಿಳಿಯುತ್ತದೆ. ಹಳೆಯ ಕಟ್ಟಡಗಳು ಈ ಅಲುಗಾಟವನ್ನು ತಾಳಿಕೊಂಡದ್ದಕ್ಕೆ ಕಾರಣ ಸುಣ್ಣದ ಗಾರೆ. ಸುಣ್ಣವನ್ನು ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಕೆಲವು ಕಡೆ ಬೆಲ್ಲದ ನೀರೂ ಅಳಲೆಕಾಯಿಯ ಕಷಾಯವೂ ಬೆರೆಸಿ ಮಾಡಿದ ಆ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಅದು ಸ್ವಲ್ಪ ಬಾಗುತ್ತದೆ, ಸಣ್ಣ ಬಿರುಕು ಬಿಟ್ಟರೂ ನೀರು ತಾಗಿದಾಗ ಕರಗಿದ ಸುಣ್ಣ ಮತ್ತೆ ಕೂತು ಬಿರುಕನ್ನು ತುಂಬುತ್ತದೆ, ಗೋಡೆಯೊಳಗಿನ ಪಸೆ ಹೊರಗೆ ಆರಲು ದಾರಿ ಬಿಡುತ್ತದೆ. ಮೇಲೆ ಮದ್ರಾಸು ತಾರಸಿ: ತೇಗದ ತೊಲೆ, ಅದರ ಮೇಲೆ ನಿಲ್ಲಿಸಿ ಕೂಡಿಸಿದ ಇಟ್ಟಿಗೆ, ಅದರ ಮೇಲೆ ಗಚ್ಚು. ಬಡ ಊರುಗಳಲ್ಲಿ ಮಣ್ಣಿನ ಮಾಳಿಗೆ, ಅದರ ಮೇಲೆ ನೀರು ಇಳಿಯದಂತೆ ವರ್ಷ ವರ್ಷ ಹರಡುತ್ತಿದ್ದ ಚೌಳು ಮಣ್ಣು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ ಮುಂದಿನ ದಶಕಗಳಲ್ಲಿ ರೈಲು ಹೋದಲ್ಲೆಲ್ಲ ತನ್ನ ಹೆಂಚನ್ನು ಕಳಿಸಿತು. ಒಳನಾಡಿನ ಎಷ್ಟೋ ಚರ್ಚು, ಶಾಲೆ, ಸ್ಟೇಷನ್ನುಗಳ ಮಾಡು ಅದರದ್ದೇ.

ಈ ಗೋಡೆಗೆ ಸಿಮೆಂಟು ಬಳಿಯುವುದು ಇಂದು ಎಲ್ಲೆಡೆ ನಡೆಯುವ ತಪ್ಪು. ಬಳಿದ ವರ್ಷ ಗೋಡೆ ಹೊಸದಾಗಿ ಕಾಣುತ್ತದೆ, ಸಭೆಯವರಿಗೆ ಸಂತೋಷವಾಗುತ್ತದೆ. ಆದರೆ ಸಿಮೆಂಟು ಬಿಗಿ. ನೆಲದಿಂದ ಏರಿದ ಪಸೆಗೆ ಹೊರದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಪದರಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಪದರು ಹಪ್ಪಳದಂತೆ ಎದ್ದು ಬೀಳುತ್ತದೆ, ಬೀಳುವಾಗ ಹಳೆಯ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಕಟ್ಟಡ ಹಳತಾಯಿತು, ಕೆಡವಿಬಿಡೋಣ ಎಂಬ ಮಾತು ಹುಟ್ಟುತ್ತದೆ. ಹಳತಾಗಿ ಕೆಟ್ಟದ್ದಕ್ಕಿಂತ ತಪ್ಪು ದುರಸ್ತಿಯಿಂದ ಕೆಟ್ಟದ್ದೇ ಹೆಚ್ಚು ಎಂದು ನಾನು ನಂಬುತ್ತೇನೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಸಿಗುವುದಿಲ್ಲ ಎಂಬ ದೂರು ಅರ್ಧ ನಿಜ. ಕೆಲಸವೇ ಇಲ್ಲದ ಕಡೆ ಕಸುಬು ಉಳಿಯುವುದಿಲ್ಲ. ಹತ್ತು ಚರ್ಚು, ಹತ್ತು ಗುಡಿ, ಹತ್ತು ದರ್ಗಾ ಸೇರಿ ಸುಣ್ಣದ ಗಾರೆಯನ್ನೇ ಕೇಳಿದರೆ ಕಸುಬು ಒಂದು ತಲೆಮಾರಿನೊಳಗೆ ಮರಳಿ ಬರುತ್ತದೆ.

ಬಳಕೆಗಾಗಿ ಮಾಡಿದ ದುರಸ್ತಿ ಏನು ಸಾಧಿಸಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. ಸಂತ ಮಾರ್ಕರ ಚರ್ಚು 1812ರಲ್ಲಿ ಮುಗಿದು 1816ರಲ್ಲಿ ಪ್ರತಿಷ್ಠೆಗೊಂಡಿತ್ತು. 1923ರ ಬೆಂಕಿಯಲ್ಲಿ ಸುಟ್ಟುಹೋಯಿತು. 1927ರಲ್ಲಿ ಮತ್ತೆ ತೆರೆಯಿತು. ನಾಲ್ಕು ವರ್ಷದಲ್ಲಿ ಅದು ಎದ್ದು ನಿಂತದ್ದು ಭಾನುವಾರ ಅಲ್ಲಿಗೆ ಬರಬೇಕಾದ ಜನ ಊರಿನಲ್ಲಿ ಇದ್ದದ್ದರಿಂದ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಚಾವಣಿಗಳನ್ನು ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ. ಕರಾವಳಿಯ ಮಳೆ, ಉಪ್ಪುಗಾಳಿಗೆ ಅವು ಮಾಸಿದಾಗ 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಬಂದು ಸರಿಪಡಿಸಿದರು. ಇಂದೂ ವಿದ್ಯಾರ್ಥಿಗಳು ಅಲ್ಲಿ ಪ್ರಾರ್ಥನೆಗೆ ಕೂರುತ್ತಾರೆ, ನೋಡಲು ಊರೂರಿಂದ ಜನ ಬರುತ್ತಾರೆ. ಬಂಗಾಳದ ಸೇರಾಂಪುರದಲ್ಲಿ ಡೇನರು ಕಟ್ಟಿದ ಸಂತ ಓಲಾವ್ ಚರ್ಚಿನ ಚಾವಣಿ ಅಪಾಯದ ಸ್ಥಿತಿ ತಲುಪಿ ಬಾಗಿಲು ಮುಚ್ಚಿತ್ತು. ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹಾಲಯದ ನೆರವಿನಿಂದ ಚಾವಣಿ, ಗೋಡೆಗಳನ್ನು ಸರಿಪಡಿಸಿ ಆರಾಧನೆಗೆ ಮತ್ತೆ ತೆರೆದ ಈ ಕೆಲಸಕ್ಕೆ 2016ರಲ್ಲಿ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿ ಬಂತು. ಇವಕ್ಕೆ ಎದುರಾಗಿ ಹಾಸನದ ಶೆಟ್ಟಿಹಳ್ಳಿ ನಿಂತಿದೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಆ ಚರ್ಚಿನ ಗಾರೆಯ ಗಟ್ಟಿತನದ ಬಗ್ಗೆ ಜನ ಇಂದಿಗೂ ಕತೆ ಹೇಳುತ್ತಾರೆ. ಗೊರೂರಿನ ಹೇಮಾವತಿ ಜಲಾಶಯಕ್ಕಾಗಿ ಊರು ಎದ್ದುಹೋದ ಮೇಲೆ ಮಾಡು ಹೋಯಿತು, ಕಮಾನುಗಳು ಒಂದೊಂದಾಗಿ ಕಳಚುತ್ತಿವೆ. ಮಳೆಗಾಲದಲ್ಲಿ ನೀರಿನ ನಡುವೆ ನಿಂತ ಅದರ ಚಿತ್ರ ತೆಗೆಯಲು ಬರುವವರಿಗೆ ಲೆಕ್ಕವಿಲ್ಲ. ನೋಡುವವರ ಸಂಖ್ಯೆ ಹೆಚ್ಚಿದ್ದರಿಂದ ಅದಕ್ಕೆ ಮಾಡು ಬರಲಿಲ್ಲ. ನೋಟಕರು ಬೇರೆ, ಬಳಸುವವರು ಬೇರೆ.

ಇನ್ನು ಕೆಲವರು ಹೇಳುವುದು, ಇಂಥ ಕಟ್ಟಡಗಳನ್ನು ಸರ್ಕಾರ ಸಂರಕ್ಷಿತ ಸ್ಮಾರಕವೆಂದು ಘೋಷಿಸಿ ನೋಡಿಕೊಳ್ಳಲಿ ಎಂದು. ದೊಡ್ಡ ಸ್ಮಾರಕಗಳಿಗೆ ಅದು ಸರಿಯಾದ ದಾರಿ. 1958ರ ಕೇಂದ್ರ ಕಾಯ್ದೆಯೂ 2010ರ ಅದರ ತಿದ್ದುಪಡಿಯೂ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವುದನ್ನು ತಡೆಯುತ್ತವೆ, ಆಚೆಯ 200 ಮೀಟರಿನಲ್ಲಿ ಅನುಮತಿ ಕೇಳುತ್ತವೆ. ಆದರೆ ಕೇರಿಯ ನಡುವಿನ ಒಂದು ಸಾಧಾರಣ ಚರ್ಚಿಗೆ ಈ ಕಾನೂನು ಬಂದರೆ ಸುತ್ತಲಿನ ಬಡವರು ತಮ್ಮ ಮನೆಗೆ ಒಂದು ಕೋಣೆ ಸೇರಿಸಲೂ ದೆಹಲಿಯ ಕಡೆ ನೋಡಬೇಕಾಗುತ್ತದೆ, ಚರ್ಚಿನ ಬಗ್ಗೆ ಅವರಿಗೆ ಅಭಿಮಾನದ ಬದಲು ಸಿಟ್ಟು ಬರುತ್ತದೆ. ಸಂರಕ್ಷಣೆಯ ಜಗತ್ತಿನವರು ವೇದದಂತೆ ಓದುವ 1964ರ ವೆನಿಸ್ ಸನ್ನದಿನ ಐದನೆಯ ವಿಧಿಯೇ, ಸಮಾಜಕ್ಕೆ ಉಪಯೋಗವಾಗುವ ಕೆಲಸಕ್ಕೆ ಬಳಸುವುದರಿಂದ ಸ್ಮಾರಕದ ರಕ್ಷಣೆ ಸುಲಭವಾಗುತ್ತದೆ ಎನ್ನುತ್ತದೆ. ಬಳಕೆಯ ಹೆಸರಿನಲ್ಲಿ ಕಟ್ಟಡದ ವಿನ್ಯಾಸವನ್ನೂ ಅಲಂಕಾರವನ್ನೂ ಬದಲಿಸಬಾರದು ಎಂಬ ಷರತ್ತೂ ಅಲ್ಲೇ ಇದೆ. ಈ ಷರತ್ತನ್ನು ನಮ್ಮ ಊರಿನ ಮಾತಿನಲ್ಲಿ ಹೇಳಿದರೆ: ಅಡುಗೆಮನೆ, ಶೌಚಾಲಯ ಹೊರಗೆ ಬೇರೆಯಾಗಿ ಇರಲಿ, ಒಳಗೆ ತಡಿಕೆ ಬೇಕಾದರೆ ತೆಗೆದಿಡಬಹುದಾದ್ದು ಇರಲಿ, ಹಳೆಯ ತಾರಸಿಯ ಮೇಲೆ ನೀರಿನ ಟ್ಯಾಂಕು ಏರಿಸಬೇಡಿ, ಗಾಲಿಕುರ್ಚಿಗೆ ಇಳಿಜಾರು ದಾರಿಯನ್ನು ಪಕ್ಕದ ಬಾಗಿಲಿಗೆ ಕಟ್ಟಿ, ಮುಂಬಾಗಿಲ ಮೆಟ್ಟಿಲನ್ನು ಮುಟ್ಟಬೇಡಿ, ಬಲಿಪೀಠದ ಭಾಗವನ್ನು ಪ್ರಾರ್ಥನೆಗೇ ಬಿಟ್ಟು ಉಳಿದ ಅಂಗಳವನ್ನು ಊರಿಗೆ ಕೊಡಿ.

ಸಭೆ ಬೆಳೆದಿದೆ, ಹಳೆಯ ಚರ್ಚಿನಲ್ಲಿ ಜಾಗ ಸಾಲದು, ಆದ್ದರಿಂದ ಕೆಡವಿ ಕಾಂಕ್ರೀಟಿನಲ್ಲಿ ದೊಡ್ಡದಾಗಿ ಕಟ್ಟೋಣ ಎಂಬುದು ಇಂದು ಹೆಚ್ಚು ಕೇಳಿಬರುವ ಮಾತು. ಇದರ ಹಿಂದಿನ ಕಷ್ಟ ನಿಜವಾದದ್ದು. ಬಿಸಿಲಲ್ಲಿ ಹೊರಗೆ ನಿಂತು ಪ್ರಾರ್ಥಿಸುವವರಿಗೆ ಹಳೆಯ ಕಮಾನಿನ ಚೆಲುವು ಹೇಳಿ ಸಮಾಧಾನ ಮಾಡಲಾಗದು. ಆದರೆ ಹಬ್ಬದ ದಿನದ ಜನಸಂಖ್ಯೆಗೆ ವರ್ಷವೆಲ್ಲದ ಕಟ್ಟಡವನ್ನು ಅಳೆಯುವುದು ಸರಿಯಲ್ಲ. ಆವರಣದಲ್ಲಿ ಜಾಗವಿದ್ದರೆ ದೊಡ್ಡ ಸಭಾಂಗಣವನ್ನು ಪಕ್ಕದಲ್ಲಿ ಕಟ್ಟಬಹುದು. ಹಳೆಯದು ದಿನದ ಪ್ರಾರ್ಥನೆಗೆ, ಮಕ್ಕಳ ಓದಿಗೆ, ಮದುವೆಯ ಆಶೀರ್ವಾದಕ್ಕೆ ಉಳಿಯುತ್ತದೆ. 40 ಡಿಗ್ರಿ ದಾಟುವ ಆದೋನಿಯ ಬೇಸಿಗೆಯಲ್ಲಿ ಎರಡಡಿ ದಪ್ಪದ ಗೋಡೆ, ಎತ್ತರದ ಚಾವಣಿ ಕೊಡುವ ತಂಪನ್ನು ಐದಿಂಚಿನ ಕಾಂಕ್ರೀಟು ಚಪ್ಪಡಿ ಕೊಡಲಾರದು. ಸರಿಯಾಗಿ ಕಟ್ಟದ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮೂವತ್ತು ನಲವತ್ತು ವರ್ಷ ಸಾಕು. ಬುನಾದಿಯೇ ಕುಸಿದು ಗೋಡೆ ನೆಟ್ಟಗಿನ ಗೆರೆ ಬಿಟ್ಟು ವಾಲಿದ್ದರೆ ಕೆಡವಲೇಬೇಕಾಗಬಹುದು, ಜನರ ತಲೆಯ ಮೇಲೆ ಇತಿಹಾಸ ಬೀಳಬಾರದು. ಆ ತೀರ್ಮಾನವನ್ನು ಮಾತ್ರ ಸುಣ್ಣದ ಕಟ್ಟಡ ಬಲ್ಲ ಎಂಜಿನಿಯರು ಹೇಳಬೇಕು. ಹೊಸ ಕಟ್ಟಡದ ಗುತ್ತಿಗೆ ಹಿಡಿಯಲಿರುವವರು ಹೇಳಬಾರದು.

ಹಣ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಉರುಕುಂದದಂಥ ಕ್ಷೇತ್ರಕ್ಕೆ ಶ್ರಾವಣದ ಒಂದು ತಿಂಗಳಲ್ಲಿ ಬರುವ ಕಾಣಿಕೆ ಬಡ ಸಭೆಗೆ ವರ್ಷವಿಡೀ ಬರುವುದಿಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಮುಳುಗಿಸಿದಾಗ ದೇಶದ ಎಲ್ಲೆಡೆಯ ಭಕ್ತರಿಂದ ನೆರವು ಹರಿದುಬಂತು. ಕೇರಿಯ ಚರ್ಚು ಬಿದ್ದರೆ ಯಾರಿಗೂ ಸುದ್ದಿಯಾಗುವುದಿಲ್ಲ. ಆದರೂ ಬಡ ಸಭೆಗಳು ಬರಿಗೈಯಲ್ಲಿ ಇರಲಿಲ್ಲ. ಅಡುಗೆಗೆ ಅಳೆದ ಧಾನ್ಯದಿಂದ ದಿನಕ್ಕೊಂದು ಹಿಡಿ ತೆಗೆದಿಟ್ಟು ಚರ್ಚಿಗೆ ತರುವ ರೂಢಿ ದಕ್ಷಿಣದ ಸಭೆಗಳಲ್ಲಿ ಬಹಳ ಕಾಲದಿಂದ ಇದೆ. ಸುಗ್ಗಿಯ ಕೃತಜ್ಞತಾ ಹಬ್ಬದಲ್ಲಿ ಮೊದಲ ಫಲ, ಕೋಳಿ, ಕುಂಬಳಕಾಯಿ ತಂದು ಹರಾಜು ಹಾಕಿ ಹಣ ಕೂಡಿಸುತ್ತಾರೆ. ಈ ಹಣದ ಒಂದು ಪಾಲನ್ನು ಪ್ರತಿ ವರ್ಷ ಕಟ್ಟಡದ ಹೆಸರಿಗೆ ಬೇರೆಯಾಗಿ ಬರೆದಿಟ್ಟರೆ ಶಾಸನದ ದಾನಿಗಳು ಮಾಡಿದ್ದನ್ನೇ ಮಾಡಿದಂತಾಗುತ್ತದೆ. ಸಭಾಂಗಣವನ್ನು ಮದುವೆಗೆ, ತರಬೇತಿಗೆ ಬಾಡಿಗೆಗೆ ಕೊಟ್ಟರೆ ಸುಣ್ಣ, ಹೆಂಚಿನ ಖರ್ಚು ಅದರಿಂದಲೇ ಹುಟ್ಟುತ್ತದೆ. ದಕ್ಷಿಣ ಭಾರತ ಸಭೆಯ ಆಸ್ತಿಗಳು 1947ರಲ್ಲಿ ನೋಂದಣಿಯಾದ ಒಂದು ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿನಲ್ಲಿವೆ. ಊರಿನ ಸಭೆ ದೊಡ್ಡ ಬದಲಾವಣೆಗೆ ಮೇಲಿನ ಒಪ್ಪಿಗೆ ಪಡೆಯಬೇಕು. ಆದರೆ ತೂಬು ಸ್ವಚ್ಛ ಮಾಡಲು, ಒಡೆದ ಹೆಂಚು ಬದಲಿಸಲು ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ.

ಆದೋನಿ, ಆಲೂರು, ಬಳ್ಳಾರಿ, ರಾಯಚೂರಿನ ಸಭೆಗಳ ಹಿರಿಯರಲ್ಲಿ, ಯುವಕ ಸಂಘದವರಲ್ಲಿ ಒಂದು ವಿನಂತಿ. ಮುಂಗಾರು ಬರುವ ಮೊದಲು ನಿಮ್ಮ ಹಳೆಯ ಚರ್ಚಿನ ಮಾಡು ಹತ್ತಿ ನೋಡಿ, ಗೋಡೆಯ ಸಂದಿನಲ್ಲಿ ಬೇರು ಬಿಟ್ಟ ಅರಳಿ ಸಸಿಯನ್ನು ಕೀಳಿಸಿ, ಬುನಾದಿಯ ಸುತ್ತ ನೀರು ನಿಲ್ಲದಂತೆ ಬೇತಂಚೆರ್ಲ ಬಂಡೆಯ ಇಳಿಜಾರು ಹಾಸಿ. ಪ್ರತಿ ಗೋಡೆಯ ಅಳತೆ ತೆಗೆದು ಕಾಗದದ ಮೇಲೆ ನಕ್ಷೆ ಬರೆಸಿ, ಬಿರುಕಿರುವಲ್ಲಿ ತಾರೀಕು ಹಾಕಿ ಗುರುತು ಮಾಡಿ ಒಂದು ವರ್ಷ ಅದು ಬೆಳೆಯುತ್ತದೆಯೇ ನೋಡಿ. ಜ್ಞಾನಸ್ನಾನ, ಮದುವೆ, ಸಾವಿನ ಹಳೆಯ ರಿಜಿಸ್ಟರುಗಳನ್ನು ಗೆದ್ದಲಿನಿಂದ ಕಾಪಾಡಿ. ಆ ಕಟ್ಟಡ ಯಾರದೆಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಇರುವುದು ಅವುಗಳಲ್ಲಿ. ಇಷ್ಟಾದ ಮೇಲೆ, ಗಾರೆಯವನನ್ನು ಕರೆಸಿ, ಗೋಡೆಗೆ ಸುಣ್ಣವೇ ಬೇಕೆಂದು ಹೇಳಿ.